ಕೇಳಿಸ್ತು ಅನ್ನುವ ತನಕ

"ಯಾವನ್ಲಾ ಅವನು, ನಂಗೆ ಮರೆವು ಅಂದೋನು? ಹೆಸರು ಹೇಳ್ಕಂಡು ಮುಂದಕ್ಕೆ ಬರ್ಲಿ. ಸಂಘದ ಮೇಲ್ ನಂಗೆ ಬಂದಿತ್ತು ಅಂತ ನಿನ್ನೆ ಸಾಯಂಕಾಲ ಒಂದು ಮಾತು ಕಳಿಸಿದ್ದಕ್ಕೆ ನೀವೆಲ್ಲ ಕೈ ಮುಗಿಯೋ ಚಿತ್ರ ಹಾಕಿ, ತಾತ ರೆಸ್ಟ್ ತಗಳಿ, ತಾತ ಬಿಪಿ ಮಾತ್ರೆ ನುಂಗಿ ಅಂತ ಬರೆದ್ರಲ್ಲ, ನುಂಗಿದೀನಿ ಕಣ್ರಲಾ. ಮಾತ್ರೇನೂ ನುಂಗಿದೀನಿ, ಮುದ್ದೇನೂ ನುಂಗಿದೀನಿ. ಎಂಬತ್ತಾಯ್ತು ಅಂತೀರಿ, ಎಪ್ಪತ್ತೆಂಟು ನಂಗೆ. ಕಾರ್ತೀಕದ ಆ ಗುರುವಾರ ಸಂಘದ ಆಫೀಸಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂತಿದ್ರಿ ಹೇಳ್ಲಾ? ಕಲ್ಲೇಶ ಕಿಟಕಿ ಪಕ್ಕ, ಒಂದು ಕಾಲು ಬೆಂಚಿನ ಮೇಲೆ. ಎಡಗಾಲು. ಹೆಬ್ಬೆರಳಿಗೆ ಬಟ್ಟೆ ಕಟ್ಟಿದ್ದ, ಸುಲಿಯೋ ಕಬ್ಬಿಣ ತಗುಲಿತ್ತು. ಫ್ಯಾನು ಮೂರರಲ್ಲಿ ಇಟ್ರೆ ಕಟಕಟ ಅನ್ನೋದು, ಎರಡಕ್ಕೆ ಇಟ್ಟಿದ್ರು. ಇಷ್ಟು ನೆನಪಿರೋನಿಗೆ ಮೇಲ್ ಬಂದಿದ್ದು ಮಾತ್ರ ನೆನಪಿಲ್ವಾ? ಬಂದಿತ್ತು. ನಂಗೆ ಬಂದಿತ್ತು. ಅದನ್ನೇ ಹೇಳಾಕೆ ಹೊಂಟಿರೋದು, ಮಧ್ಯ ಬಾಯಿ ಹಾಕಬೇಡಿ."

ತೋಂಟದಾರ್ಯರು ಹೆಬ್ಬೆರಳನ್ನು ಎತ್ತಿದರು. ಫೋನು ಸಣ್ಣಗೆ ಸದ್ದು ಮಾಡಿ ಮಾತನ್ನು ಊರವರ ವಾಟ್ಸಾಪ್ ಗುಂಪಿಗೆ ಒಯ್ದುಬಿಟ್ಟಿತು. ಅವರು ಕೂತಿದ್ದದ್ದು ಅಟ್ಟಕ್ಕೆ ಹತ್ತುವ ಏಣಿಯ ಬುಡದಲ್ಲಿ, ಗೋಣಿಚೀಲದ ಮೇಲೆ. ಒಂದು ವರ್ಷದಿಂದ ಅಟ್ಟದಲ್ಲಿ ಕತ್ತಲು ಕುಡಿಯುತ್ತ ಬಿದ್ದಿದ್ದ ತೆಂಗಿನಕಾಯಿಗಳನ್ನು ಮಗ ಪರಮೇಶ ಬೆಳಗಿನಿಂದ ಇಳಿಸಿ ಅಂಗಳದಲ್ಲಿ ಸಿಪ್ಪೆ ಸುಲಿದು ಅಪ್ಪನ ಮುಂದೆ ರಾಶಿ ಹಾಕುತ್ತಿದ್ದ. ಅವರ ಕೆಲಸ ಒಂದೇ. ಒಂದೊಂದು ಕಾಯಿಯನ್ನೂ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುವುದು. ಒಳಗಿನ ನೀರು ಪೂರ್ತಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡಿದ್ದರೆ ಲೊಟಲೊಟ ಎಂದು ಉರುಳುತ್ತದೆ. ಅದು ಉಂಡೆ ಕೊಬ್ಬರಿ, ಬಲಕ್ಕೆ. ಮಾತಾಡದಿದ್ದರೆ, ಅಥವಾ ಒದ್ದೆಯಾಗಿ ಮಾತಾಡಿದರೆ, ಎಡಕ್ಕೆ. ಕೆಂಕೆರೆಯಿಂದ ಹಂದನಕೆರೆಯವರೆಗೆ ಯಾರ ಮನೆಯಲ್ಲಿ ಅಟ್ಟ ಇಳಿಸಿದರೂ, ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡರೂ ಅವರನ್ನು ಕರೆಯುತ್ತಿದ್ದರು. ಕರಟ ಒಡೆದು ನೋಡುವ ಪ್ರಶ್ನೆಯೇ ಇರಲಿಲ್ಲ. ತೋಂಟದಾರ್ಯರ ಕಿವಿ ಎಡಕ್ಕೆ ಅಂದರೆ ಎಡಕ್ಕೆ. ಈಗ ಅವರು ಒಂದು ಕಾಯಿಯನ್ನು ಎತ್ತಿ ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು. ಕೈಯಲ್ಲಿ ತೂಕ ಇತ್ತು, ಒಳಗೆ ಏನೋ ಚಲಿಸಿದ್ದು ಅಂಗೈಗೆ ಗೊತ್ತಾಯಿತು, ಆದರೆ ಕಿವಿಗೆ ಬಂದದ್ದು ಕೊಬ್ಬರಿಯ ಸದ್ದಲ್ಲ, ಒಂದು ಹೆಣ್ಣಿನ ದನಿ. ಒಂದ್ಸಲ ನೋಡಿ ಅಪ್ಪಾಜಿ, ಒಂದ್ಸಲ. ಅವರು ಕಾಯಿಯನ್ನು ಎಡಕ್ಕೂ ಇಡದೆ ಬಲಕ್ಕೂ ಇಡದೆ ಎರಡು ಮೊಣಕಾಲುಗಳ ನಡುವೆ ಇಟ್ಟುಕೊಂಡರು. ಅಲ್ಲಿ ಆಗಲೇ ಹತ್ತೋ ಹನ್ನೆರಡೋ ಸೇರಿದ್ದವು.

ಕೆಂಚಪ್ಪ ಇದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದು ಅವರು ಎಷ್ಟೋ ಸಲ ತಮಗೆ ತಾವೇ ಹೇಳಿಕೊಂಡಿದ್ದರು. ತೆಂಗು ಬೆಳೆಗಾರರ ಸಂಘ ಶುರುವಾದಾಗಿನಿಂದ ಸಭೆಗೆ ಕರೆಯುವ ಕೆಲಸ ಕೆಂಚಪ್ಪನದು. ಸೈಕಲ್ಲಿನಲ್ಲಿ ಬಂದು ಮನೆಯ ಮುಂದೆ ಇಳಿದು, ಚಪ್ಪಲಿ ಬಿಟ್ಟು, ಅಂಗಳದಲ್ಲೇ ನಿಂತು ಯಜಮಾನನ ಹೆಸರು ಹಿಡಿದು ಕೂಗಿ, ಇಂಥ ದಿನ ಇಂಥ ಹೊತ್ತು ಸಭೆ ಐತೆ, ಕೇಳಿಸ್ತಾ, ಎನ್ನುತ್ತಿದ್ದ. ಒಳಗಿನಿಂದ ಯಾರಾದರೂ ಕೇಳಿಸ್ತು ಎನ್ನುವ ತನಕ ಅಂಗಳ ಬಿಟ್ಟು ಕದಲುತ್ತಿರಲಿಲ್ಲ. ಒಮ್ಮೆ ತೋಂಟದಾರ್ಯರು ಹಿತ್ತಿಲಲ್ಲಿ ಸ್ನಾನ ಮಾಡುತ್ತಿದ್ದಾಗ ಬಂದವನು ಅರ್ಧ ಗಂಟೆ ಬಿಸಿಲಲ್ಲಿ ನಿಂತಿದ್ದ. ಹೆಂಡತಿ ಆಗ ಬದುಕಿದ್ದಳು. ನಾನು ಹೇಳ್ತೀನಿ ಹೋಗಪ್ಪ ಅಂದರೂ ಕೇಳದೆ, ಅವರ ಬಾಯಿಂದಾನೇ ಬರ್ಲಿ ಕಣವ್ವ ಅಂದಿದ್ದನಂತೆ. ಕೆಂಚಪ್ಪ ಸತ್ತ ವರ್ಷವೇ ಗಿರಿಜಾಂಬಿಕಾ ಕಾರ್ಯದರ್ಶಿಯಾಗಿ ಬಂದಳು. ಮೂವತ್ತರ ಆಸುಪಾಸಿನ, ತೆಳ್ಳಗಿನ, ಮಾತಾಡುವಾಗ ಎದುರಿಗಿದ್ದವರ ಹಣೆ ನೋಡುವ ಹೆಣ್ಣುಮಗಳು. ನೂರ ಎಂಬತ್ತಾರು ಮನೆಗೆ ಸೈಕಲ್ ಹೊಡೆಯುವವರು ಯಾರೂ ಸಿಗಲಿಲ್ಲ. ಎಲ್ಲರಿಗೂ ಇ-ಮೇಲ್ ಮಾಡಿಸಿ, ಒಂದೇ ಸಲಕ್ಕೆ ಸೂಚನೆ ಕಳಿಸ್ತೀನಿ ಅಂದಳು. ಹಂದನಕೆರೆಯವರದು ಮೊದಲೇ ಇತ್ತು. ಕೆಂಕೆರೆ ಕಡೆಯ ಅರವತ್ತೆರಡು ಮಂದಿ ಮಾತ್ರ ಒಂದೇ ದಿನ ಟ್ರ್ಯಾಕ್ಟರ್ ಹತ್ತಿಕೊಂಡು ಹುಳಿಯಾರಿನ ಜೆರಾಕ್ಸ್ ಅಂಗಡಿಗೆ ಹೋಗಿ, ಒಬ್ಬನೇ ಹುಡುಗನ ಮುಂದೆ ಸಾಲಾಗಿ ನಿಂತು ಅರವತ್ತೆರಡು ವಿಳಾಸ ಮಾಡಿಸಿಕೊಂಡು ಬಂದರು. ಪಾಸ್‌ವರ್ಡ್ ಎನ್ನುವ ಗುಪ್ತ ಅಕ್ಷರಗಳನ್ನೆಲ್ಲ ಅವನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡ. ಆಮೇಲೆ ಯಾರೂ ಅದನ್ನು ತೆರೆದು ನೋಡಲಿಲ್ಲ. ಬಂದರೆ ಫೋನು ಹೊಡೆದುಕೊಳ್ಳುತ್ತದೆ ಎಂದು ಎಲ್ಲರೂ ತಿಳಿದಿದ್ದರು.

ಸೊಸೆ ಲಿಖಿತಾ ಮಜ್ಜಿಗೆ ತಂದು ಪಕ್ಕದಲ್ಲಿಟ್ಟಳು. ಲೋಟ ನೆಲಕ್ಕೆ ತಾಗಿದ ಸದ್ದು ಅವರಿಗೆ ಸರಿಯಾಗಿಯೇ ಕೇಳಿಸಿತು. ಕಿವಿ ಕೆಟ್ಟಿಲ್ಲ, ಹಾಗಾದರೆ. "ಯಾರಾದ್ರೂ ಕೇಳಿದ್ರೇನಮ್ಮ, ನೋಡು," ಎಂದು ಫೋನು ಕೊಟ್ಟರು. ಅವಳು ಸೆರಗಿಗೆ ಕೈ ಒರೆಸಿಕೊಂಡು ನೋಡಿದಳು.

"ಇಲ್ಲ ಮಾವ. ತಲುಪಿದೆ. ತೆಗೆದಿಲ್ಲ ಯಾರೂ."

"ಎಲ್ಲ ಸತ್ತವ್ರಾ?"

"ದಿನಾ ಬೆಳಿಗ್ಗೆ ಹೂವಿನ ಚಿತ್ರ, ಮಂಡಿನೋವಿಗೆ ಎಕ್ಕದೆಲೆ, ಹಳೇ ಕಾಲದ ಕಥೆ, ಒಂದರ ಮೇಲೊಂದು ಕಳಿಸ್ತಿದ್ರಲ್ಲ. ನಿನ್ನೇದು ನಾಲ್ಕಾರು ಜನ ಕೇಳಿದ್ರು. ಈಗ ಮತ್ತೆ ನಿಮ್ಮ ಹೆಸರು ಕಂಡ್ರೆ ತೆಗೆಯದೇ ಮುಂದಕ್ಕೆ ಹೋಗ್ತಾರೆ." ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಅವರಿಗೆ ಹಗುರಾಗುತ್ತಿತ್ತು. ನಾಲ್ಕು ತಿಂಗಳಿಂದ ಅವಳು ಅವರಿಗೆ ಬಡಿಸುತ್ತಿದ್ದಳು, ಬಟ್ಟೆ ಒಗೆದು ಹಾಕುತ್ತಿದ್ದಳು, ಕಣ್ಣಿಗೆ ಔಷಧಿ ಬಿಡುತ್ತಿದ್ದಳು, ಆ ವಿಷಯ ಒಂದು ದಿನವೂ ಎತ್ತಿರಲಿಲ್ಲ. ಔಷಧಿ ಬಿಡುವಾಗ ಅವಳ ಮುಖ ಅವರ ಮುಖಕ್ಕೆ ಎಷ್ಟು ಹತ್ತಿರ ಬರುತ್ತಿತ್ತೆಂದರೆ, ಆಗ ಕೇಳುತ್ತಾಳೆ ಎಂದು ಅವರು ಪ್ರತಿ ಸಲವೂ ಉಸಿರು ಹಿಡಿಯುತ್ತಿದ್ದರು. ಅವಳು ರೆಪ್ಪೆ ಬಿಡಿಸಿ ಎರಡು ಹನಿ ಬಿಟ್ಟು, ಮುಚ್ಕೊಳ್ಳಿ ಮಾವ, ಎಂದು ಹೋಗುತ್ತಿದ್ದಳು.

ಆ ಇ-ಮೇಲನ್ನು ಮೊದಲು ಕಂಡದ್ದು ಅವಳೇ. ಗುರುವಾರದ ಹಿಂದಿನ ದಿನ, ಬುಧವಾರ, ದೀಪ ಹಚ್ಚುವ ಹೊತ್ತು. ಅಷ್ಟರಲ್ಲಿ ಹಂದನಕೆರೆಯವರು ಸಭೆ ಸೇರಿ, ಸಂಘದ ಹೊಸ ಅಟ್ಟದ ಗೋದಾಮು ತಮ್ಮೂರಲ್ಲೇ ಆಗಲಿ ಎಂದು ತೀರ್ಮಾನ ಮಾಡಿ ಮುಗಿಸಿದ್ದರು. ಕೆಂಕೆರೆಯ ಅರವತ್ತೆರಡು ಮಂದಿಯಲ್ಲಿ ಒಬ್ಬರಿಗೂ ಸಭೆಯ ಸುದ್ದಿ ಇರಲಿಲ್ಲ. ನಾಳೆ ಹೋಗಿ ಆ ಹೆಂಗಸಿನ ಕತ್ತಿನ ಪಟ್ಟಿ ಹಿಡಿಯೋಣ ಎಂದು ಕಲ್ಲೇಶ ಅರಳಿಕಟ್ಟೆಯಲ್ಲಿ ಕೂಗಾಡಿದ್ದ, ತೋಂಟದಾರ್ಯರೂ ತಲೆಯಾಡಿಸಿದ್ದರು. ಮನೆಗೆ ಬಂದು ಫೋನನ್ನು ಸೊಸೆಯ ಕೈಗೆ ಕೊಟ್ಟು, ಕರೆಂಟ್ ಬಿಲ್ಲು ಬಂದಿದೆಯಾ ನೋಡು ಅಂದಾಗ ಅವಳು ಎಲ್ಲೆಲ್ಲೋ ಒತ್ತಿ, ಮಾವ, ಇಲ್ಲಿ ನೋಡಿ, ಅಂದಳು. ಲಾಟರಿ ಗೆದ್ದಿದ್ದೀರಿ ಎನ್ನುವುದೊಂದು, ಕೂದಲು ಬೆಳೆಸುವ ಎಣ್ಣೆಯದೊಂದು, ಅವೆರಡರ ನಡುವೆ ಅದು. ತುರ್ತು: ಎಲ್ಲ ಸದಸ್ಯರಿಗೂ ಸಭೆಯ ಸೂಚನೆ. ಮಾನ್ಯರೇ, ದಯವಿಟ್ಟು ತಪ್ಪದೆ ಬನ್ನಿ, ಗೋದಾಮು ಎಲ್ಲಿ ಆಗಬೇಕೆಂಬುದನ್ನು ತಾವಿಲ್ಲದೆ ತೀರ್ಮಾನಿಸುವುದು ಸರಿಯಲ್ಲ. ಕೆಳಗೆ ಗಿರಿಜಾಂಬಿಕಾ. ಒಂಬತ್ತು ದಿನ ಹಿಂದಿನ ತಾರೀಖು.

"ಬಂದು ಇಲ್ಲಿ ಬಿದ್ದಿದೆ, ಸ್ಪ್ಯಾಮ್ ಅಂತ. ಕಸದ ಬುಟ್ಟಿ ಇದ್ದಂಗೆ. ಕೆಂಕೆರೆಯೋರದ್ದೆಲ್ಲ ಹಿಂಗೇ ಆಗಿರುತ್ತೆ ಮಾವ, ಎಲ್ಲ ಒಂದೇ ದಿನ ಮಾಡಿದ್ದು, ಒಬ್ರೂ ಒಂದು ದಿನಾನೂ ತೆಗೆದು ನೋಡಿಲ್ಲ."

"ಒಳ್ಳೇದನ್ನ ಯಾಕೆ ಕಸಕ್ಕೆ ಹಾಕ್ತದೆ ಅದು?"

"ಒಂದೇ ಕಾಗದ ಒಂದೇ ಸಲ ನೂರಾರು ಜನಕ್ಕೆ ಹೋದ್ರೆ ಅದಕ್ಕೆ ಅನುಮಾನ. ಒಡೆದು ನೋಡಲ್ಲ ಅದು. ಮೇಲಿಂದಲೇ ಅಲ್ಲಾಡಿಸಿ ನೋಡಿ, ಸದ್ದು ಸರಿಯಿಲ್ಲ ಅನ್ನಿಸಿದ್ರೆ ಎಡಕ್ಕೆ ಎಸೀತದೆ." ಅವಳು ನಕ್ಕಳು. ಮಾವನಿಗೆ ತಿಳಿಯುವ ಹಾಗೆ ಹೇಳಿದೆನೆಂಬ ಸಂತೋಷದ ನಗೆ ಅಷ್ಟೇ. ಆದರೆ ಅವರಿಗೆ ಶಿವರುದ್ರಮ್ಮನ ಅಂಗಳ ಬಂದು ಎದೆಗೆ ಒದ್ದಂತಾಯಿತು.

ಶ್ರಾವಣದಲ್ಲಿ ನಡೆದದ್ದು. ಹಂದನಕೆರೆಯ ಶಿವರುದ್ರಮ್ಮ ಒಂಟಿ ಹೆಂಗಸು, ಅಟ್ಟ ಇಳಿಸಿದ್ದಳು. ಸಂಘದ ಪರವಾಗಿ ಗಿರಿಜಾ ಲೆಕ್ಕ ಬರೆಯಲು ಬಂದಿದ್ದಳು, ಕಲ್ಲೇಶನೂ ಇದ್ದ. ಮಧ್ಯಾಹ್ನದ ಹೊತ್ತಿಗೆ ಎಡಗಡೆಯ ರಾಶಿ ಬೆಳೆಯುತ್ತ ಬೆಳೆಯುತ್ತ ಬಲಗಡೆಗಿಂತ ದೊಡ್ಡದಾಯಿತು. ಶಿವರುದ್ರಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ಕಂಬಕ್ಕೆ ಒರಗಿದಳು. ಆಗ ಗಿರಿಜಾ ಪುಸ್ತಕ ಕೆಳಗಿಟ್ಟು, ಮಚ್ಚು ಎತ್ತಿಕೊಂಡು ಎಡಗಡೆಯ ರಾಶಿಯಿಂದ ಒಂದು ಕಾಯಿ ಒಡೆದಳು. ಬೆಳ್ಳಗೆ, ಒಣಗಿ, ನುಣ್ಣಗಿದ್ದ ಉಂಡೆ. ಒಂದು ಪಕ್ಕ ಮಾತ್ರ ಕರಟಕ್ಕೆ ಅಂಟಿಕೊಂಡಿತ್ತು, ಅದಕ್ಕೇ ಮಾತಾಡಿರಲಿಲ್ಲ. ಇನ್ನೊಂದು ಒಡೆದಳು, ಅದೂ ಹಾಗೇ. ನಾಲ್ಕನ್ನು ಒಡೆದು ಸಾಲಾಗಿ ಇಟ್ಟು, "ಅಪ್ಪಾಜಿ, ಒಂದ್ಸಲ ನೋಡಿ," ಅಂದಳು. ಮೆತ್ತಗೇ ಅಂದಳು. ಕಲ್ಲೇಶ, ಕಿವಿ ಸರ್ವೀಸಿಗೆ ಬಿಡಬೇಕು ಕಣ್ರೀ ಯಜಮಾನ್ರೇ, ಎಂದ. ಸುಲಿಯುವವರು ನಕ್ಕರು. ಶಿವರುದ್ರಮ್ಮ ಅಳುತ್ತಿದ್ದವಳು ನಕ್ಕುಬಿಟ್ಟಳು. ಅವರು ಟವಲು ಕೊಡವಿ ಎದ್ದು, ಕಾಫಿ ಕುಡಿಯದೆ, ಹಂದನಕೆರೆಯ ಬಸ್ ನಿಲ್ದಾಣದಲ್ಲಿ ಎರಡು ಗಂಟೆ ಕಾದು ಮನೆಗೆ ಬಂದರು. ಆ ಎರಡು ಗಂಟೆಯಲ್ಲಿ ಅವರ ಕಣ್ಣ ಮುಂದೆ ಇದ್ದದ್ದು ನಗುವ ಕಲ್ಲೇಶನಲ್ಲ, ಮೆತ್ತಗೆ ಮಾತಾಡಿದ ಆ ಹೆಣ್ಣುಮಗಳು.

"ಎಲ್ಲಿಗೆ ನಿಲ್ಲಿಸಿದ್ದೆ? ಹೂಂ, ಗುರುವಾರ. ನಾನು ಸುತ್ತಿ ಬಳಸಿ ಮಾತಾಡ್ತೀನಿ ಅಂತ ನಂಗೂ ಗೊತ್ತೈತೆ. ನೇರ ಹೋಗೋ ದಾರಿ ಇದ್ರೆ ಹೋಗ್ತಿರ್ಲಿಲ್ವಾ? ಕೇಳಿ. ಎರಡು ಟ್ರ್ಯಾಕ್ಟರ್ ಜನ ಹೋದ್ವಿ. ಆ ಗಿರಿಜಾ ಮೇಜಿನ ಹಿಂದೆ ನಿಂತಿದ್ಳು. ಬಾಗಿಲಿಂದ ಒಳಗೆ ಬರೋವಾಗಲೇ ಕಲ್ಲೇಶ ಶುರು ಹಚ್ಕಂಡ, ಹಂದನಕೆರೆಯೋರಿಗೆ ಮಾತ್ರ ತಲುಪೋ ಮೇಲು ಅದ್ಯಾವ್ದು ಕಣಮ್ಮಾ, ನಮ್ಮೂರ ದಾರಿ ಅದ್ಕೆ ಗೊತ್ತಿಲ್ವಾ ಅಂತ. ಅಂದಿದ್ದೋ ಇಲ್ವೋ ಕಲ್ಲೇಶ? ನೆನಪೈತೋ ಇಲ್ವೋ? ಯಾರಿಗ್ಲಾ ಮರೆವು?"

ಅವಳು ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ನೂರ ಎಂಬತ್ತಾರು ಹೆಸರು, ಒಂದೇ ಸಲ, ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಹೋಗಿದೆ. ಆಮೇಲೆ ಕೂತು ಮಾಡಿದ್ದೀಯ ಎಂದರು. ಸ್ಪ್ಯಾಮ್ ಅಂತ ಒಂದು ಜಾಗ ಇರುತ್ತೆ, ಅಲ್ಲಿ ನೋಡಿ, ದಯವಿಟ್ಟು ಒಬ್ಬರಾದರೂ ನೋಡಿ ಎಂದಳು. ಅರ್ಧ ಜನರ ಫೋನು ಮನೆಯಲ್ಲಿತ್ತು, ಉಳಿದವರ ಗುಪ್ತ ಅಕ್ಷರ ಹುಳಿಯಾರಿನ ನೋಟ್‌ಬುಕ್ಕಿನಲ್ಲಿತ್ತು. ಕಲ್ಲೇಶ ತನ್ನ ಫೋನನ್ನು ಎತ್ತಿ ಹಿಡಿದು, ಎಲ್ಲಮ್ಮಾ ಐತೆ, ಎಂದ. ತೋರಿಸಲೆಂದು ಅವಳು ಕೈ ಚಾಚಿದಳು. ಅವನು ಹಿಂದಕ್ಕೆ ಎಳೆದುಕೊಂಡ. ಮುಟ್ಟಬೇಡ, ಇದರಲ್ಲೂ ಏನಾದ್ರೂ ತುರುಕೀಯ. ಚಾಚಿದ ಕೈ ಹಾಗೇ ಗಾಳಿಯಲ್ಲಿ ಒಂದು ಗಳಿಗೆ ನಿಂತಿತ್ತು. ಆಮೇಲೆ ಅವಳು ಆ ಕೈಯಿಂದಲೇ ಕೂದಲು ಸರಿ ಮಾಡಿಕೊಂಡಳು, ಅದಕ್ಕೇ ಎತ್ತಿದ್ದೆ ಎನ್ನುವಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ತೋಂಟದಾರ್ಯರಿಗೆ ಒಳಜೇಬಿನ ಫೋನು ಬಿಸಿಯಾಗಿ ತಾಗುತ್ತಿತ್ತು. ಹೇಳುತ್ತೇನೆ ಎಂದೇ ಮನೆಯಿಂದ ಹೊರಟಿದ್ದರು. ಬೆಳಿಗ್ಗೆ ಲಿಖಿತಾ, ಮಾವ, ಅಲ್ಲಿ ತೋರಿಸಿ, ಎರಡು ಸಲ ಒತ್ತಿದ್ರೆ ಬರುತ್ತೆ ಎಂದು ಹೇಳಿಕೊಟ್ಟೂ ಇದ್ದಳು. ಒಂದು ನಿಮಿಷ ಬೆವರಲಿ ಎಂದುಕೊಂಡರು. ಶಿವರುದ್ರಮ್ಮನ ಅಂಗಳದ ಒಂದು ನಿಮಿಷಕ್ಕೆ ಇಲ್ಲಿಯ ಒಂದು ನಿಮಿಷ, ಆಮೇಲೆ ಎದ್ದು ನಿಂತು ಜೇಬಿಗೆ ಕೈ ಹಾಕಿ ಎಲ್ಲರ ಬಾಯಿ ಮುಚ್ಚಿಸಿದರಾಯಿತು. ಆ ನಿಮಿಷ ಮುಗಿಯುವುದರೊಳಗೆ ಅವಳೇ ಮೇಜು ಬಳಸಿಕೊಂಡು ಅವರ ಮುಂದೆ ಬಂದಳು.

"ಅಪ್ಪಾಜಿ, ಕೆಂಕೆರೆಯೋರೆಲ್ಲ ನಿಮ್ಮ ಮಾತು ಕೇಳ್ತಾರೆ. ನಿಮ್ಮದ್ರಲ್ಲಿ ಒಂದ್ಸಲ ನೋಡಿ. ಒಂದ್ಸಲ."

ಅದೇ ಮಾತು. ಅದೇ ಮೆತ್ತಗಿನ ದನಿ. ಅವಳಿಗೆ ಶ್ರಾವಣದ ನೆನಪೇ ಇರಲಿಲ್ಲವೆಂದು ಅವರಿಗೆ ಈಗ ಅನ್ನಿಸುತ್ತದೆ, ಆಗ ಅನ್ನಿಸಿರಲಿಲ್ಲ. ಎಲ್ಲರೂ ಅವರತ್ತ ತಿರುಗಿದರು. ಫ್ಯಾನು ಎರಡರಲ್ಲಿ ಓಡುತ್ತಿತ್ತು. ಅವರು ಜೇಬಿನ ಮೇಲೆ ಅಂಗೈ ಇಟ್ಟರು. ತೆಗೆಯಲಿಲ್ಲ. "ಬಂದಿಲ್ಲ ಕಣಮ್ಮ," ಎಂದರು.

ಅಷ್ಟೇ ಆದದ್ದು. ಕೂಗಾಟವೂ ನಿಂತಿತು. ಯಜಮಾನರೇ ಅಂದಮೇಲೆ ಇನ್ನೇನು ಎಂದು ಯಾರೋ ಗೊಣಗಿದರು. ಅಧ್ಯಕ್ಷರು ಬೀಗದ ಕೈ ಒಪ್ಪಿಸಿ ಹೋಗು ಎಂದರು. ಬೀರುವಿನದು, ಬಾಗಿಲಿನದು ಅವಳ ಸ್ವಂತ ಮನೆಯದರ ಜೊತೆ ಒಂದೇ ಉಕ್ಕಿನ ಬಳೆಯಲ್ಲಿದ್ದವು. ಬಿಡಿಸಲು ಹೋದರೆ ಬಳೆ ಬಾಯಿ ಬಿಡಲಿಲ್ಲ. ಉಗುರು ಸಿಕ್ಕಿಸಿ ಬಿಡಿಸಲು ನೋಡಿದಳು. ಅರವತ್ತೆರಡು ಮಂದಿ ಅವಳ ಉಗುರನ್ನೇ ನೋಡುತ್ತ ಕೂತಿದ್ದರು. ಯಾರೂ ಏಳಲಿಲ್ಲ. ಅವಳು ಕೊನೆಗೆ ತನ್ನ ಮನೆಯ ಬೀಗದ ಕೈಯನ್ನೂ ಸೇರಿಸಿ ಇಡೀ ಗೊಂಚಲನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಆಮೇಲಿನ ಇಪ್ಪತ್ತು ದಿನ. ಆ ಸ್ಪ್ಯಾಮಿನಲ್ಲಿ ಎಲ್ಲಕ್ಕೂ ಮೇಲೆ ಬೂದು ಬಣ್ಣದಲ್ಲಿ ಒಂದು ಸಾಲು ಇತ್ತು. ಮೂವತ್ತು ದಿನವಾದ ಸಂದೇಶಗಳು ತಾವಾಗಿಯೇ ಅಳಿಸಿಹೋಗುತ್ತವೆ. ಬೆಳಿಗ್ಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಅದೇ ಕೈಯಲ್ಲಿ ಎರಡು ಸಲ ಒತ್ತಿ ಅದನ್ನು ತೆರೆಯುತ್ತಿದ್ದರು. ದಯವಿಟ್ಟು ತಪ್ಪದೆ ಬನ್ನಿ. ಮೇಲೆ ಒಂದು ಗುಂಡಿ, ಸ್ಪ್ಯಾಮ್ ಅಲ್ಲ ಎಂದು. ಒತ್ತಿದರೆ ಉಳಿಯುತ್ತದೆ. ಬೆರಳನ್ನು ಅದರ ಮೇಲೆ, ಗಾಜಿಗೆ ತಾಗದ ಹಾಗೆ, ಹಿಡಿದುಕೊಂಡು ಕೂರುತ್ತಿದ್ದರು. ನಾಳೆ ಕಲ್ಲೇಶನ ಮನೆಗೆ ಹೋಗಿ ತೋರಿಸುತ್ತೇನೆ. ಸೋಮವಾರ ಕಳೆಯಲಿ. ನೆಗಡಿ ಬಿಡಲಿ. ಅರಳಿಕಟ್ಟೆಯಲ್ಲಿ ಮಕ್ಕಳು ಕೂಡ ಮೇಲ್ ಗಿರಿಜಾ ಎಂದು ಆಡಿಕೊಳ್ಳುವುದು ಕಿವಿಗೆ ಬಿದ್ದಾಗ ಎದ್ದು ಬರುತ್ತಿದ್ದರು. ಕೊನೆಯ ದಿನ ಬೆಳಗಿನಿಂದ ಫೋನು ಹಿಡಿದೇ ಕೂತರು. ಹನ್ನೊಂದು ಹತ್ತಾಯಿತು. ಇತ್ತು. ಮನುಷ್ಯನ ಹಾಗೆ ಅದೂ ಮಾತು ಮುರಿಯಬಹುದು, ಉಳಿದೇ ಹೋಗಬಹುದು ಎಂದು ಒಂದು ಆಸೆ ಹುಟ್ಟಿತು. ಸ್ನಾನಕ್ಕೆ ಹೋಗಿ ಬಂದು ನೋಡಿದರೆ ಇರಲಿಲ್ಲ. ಲಾಟರಿ ಇತ್ತು. ಅವತ್ತು ಮೈ ಹಗುರಾಯಿತು, ಎರಡು ಮುದ್ದೆ ಉಂಡರು, ಲಿಖಿತಾ ಮೂರನೆಯದನ್ನೂ ತಟ್ಟೆಗೆ ಹಾಕಿ ಸುಮ್ಮನೆ ಅವರ ಮುಖ ನೋಡಿದಳು. ಮರುದಿನ ಪಕ್ಕದ ಮನೆಯವರು ಕಾಯಿ ಆರಿಸಲು ಕರೆದರು. ಮೊದಲನೆಯದನ್ನು ಎತ್ತಿ ಅಲ್ಲಾಡಿಸಿದಾಗಲೇ ಗಿರಿಜಾಳ ದನಿ ಕೇಳಿಸಿದ್ದು. ಎರಡನೆಯದರಲ್ಲೂ ಅದೇ. ಒಳ್ಳೆಯದು, ಕೆಟ್ಟದ್ದು, ಒದ್ದೆ, ಒಣಗಿದ್ದು, ಎಲ್ಲವೂ ಒಂದೇ ಮಾತು ಆಡಿದವು. ಯಾರಿಗೂ ಹೇಳಲಿಲ್ಲ. ಒಂದನ್ನು ಬಲಕ್ಕೆ, ಒಂದನ್ನು ಎಡಕ್ಕೆ ಇಡುತ್ತ ಹೋದರು. ಆ ಮನೆಯವರು ಕೈಮುಗಿದು ಒಪ್ಪಿಕೊಂಡರು. ಅಲ್ಲಿಂದ ಈಚೆಗೆ ಹೀಗೆ ಒಂಬತ್ತು ಮನೆ.

ಮೊನ್ನೆ, ಯಾರಿಗೂ ಹೇಳದೆ, ತಿಪಟೂರಿನಲ್ಲಿ ಬಸ್ಸು ಬದಲಿಸಿ ತುರುವೇಕೆರೆಗೆ ಹೋದರು. ಗಿರಿಜಾ ಅಲ್ಲಿ ತಾಯಿಯ ಮನೆಯಲ್ಲಿದ್ದಾಳೆ, ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಮೇಲೆ ಹೊಲಿಗೆ ಯಂತ್ರ ಹಾಕಿಕೊಂಡು ಸೀರೆಗೆ ಫಾಲ್ ಹೊಲಿಯುತ್ತಾಳೆ ಎಂದು ಕೇಳಿದ್ದರು. ಅಲ್ಲಿಯ ಇನ್ನೊಂದು ಸಂಘದಲ್ಲಿ ಕೆಲಸ ಕೇಳಲು ಹೋದಾಗ, ನೋಟೀಸು ಬಚ್ಚಿಟ್ಟೋರು ನೀವೇ ಅಲ್ವಾ ಎಂದು ಕೇಳಿ ಕಳಿಸಿದರಂತೆ. ಅವಳು ಅವರನ್ನು ಕಂಡು ಯಂತ್ರ ನಿಲ್ಲಿಸಿ, ಸ್ಟೂಲು ಎಳೆದು, ನೀರು ಕೊಟ್ಟಳು. ಅವರು ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಬಿಚ್ಚಿಹೋದವು. ಮಂಡಿನೋವಿನ ವಿಷಯ ಮಾತಾಡಿದರು. ಈ ಸಲದ ಅಟ್ಟದ ವಿಷಯ ಮಾತಾಡಿದರು. ಆಮೇಲೆ, "ಅವತ್ತು ಒಂದು ಮಾತು ಬಂತು ನೋಡು," ಎಂದು ಶುರು ಮಾಡುವಷ್ಟರಲ್ಲಿ ಅವಳು ದಾರ ಕಚ್ಚಿ ತುಂಡು ಮಾಡಿ ಹೇಳಿದಳು.

"ಗೊತ್ತು ಅಪ್ಪಾಜಿ. ಲಿಖಿತಾ ಅವತ್ತು ಸಾಯಂಕಾಲವೇ ಫೋನ್ ಮಾಡಿದ್ಳು."

ಬೀದಿಯಲ್ಲಿ ಎಳನೀರಿನ ಗಾಡಿಯೊಂದು ಹೋಯಿತು. ಅವರು ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದರು.

"ಮತ್ತೆ ಯಾಕಮ್ಮ ಸುಮ್ಕಿದ್ದೆ?"

"ನಾನೇ ಬೇಡ ಅಂದೆ. ಮಾವ ಸುಳ್ಳು ಹೇಳಿದ್ರು ಅಂತ ಸೊಸೆ ಬಾಯಿಂದ ಬಂದ್ರೆ ಅವಳು ಆ ಮನೇಲಿ ಹೆಂಗೆ ಇರ್ಬೇಕು? ನೀವೇ ಬರ್ತೀರ ಅಂದ್ಕೊಂಡೆ. ಮೂವತ್ತು ದಿನ ಇರುತ್ತೆ ಅಂತ ಗೊತ್ತಿತ್ತು. ನಾನೂ ಎಣಿಸ್ತಿದ್ದೆ." ಅವಳು ಸೀರೆಯ ಅಂಚನ್ನು ಬೆರಳಿನಿಂದ ಒತ್ತಿ ಮಡಿಕೆ ಮಾಡಿದಳು. "ಕೊನೇ ದಿನ ಅಮ್ಮನಿಗೆ ಬಾಗಿಲು ಹಾಕಬೇಡ ಅಂದಿದ್ದೆ."

ಈಗ ಏನು ಮಾಡಲಿ ಎಂದು ಅವರು ಕೇಳಿದರು. ತನಗೆ ಆ ಕೆಲಸ ಬೇಡವೆಂದಳು, ಕ್ಷಮೆ ಗಿಮೆ ಬೇಡವೆಂದಳು. "ಹೇಳೋದಾದ್ರೆ ಎಲ್ಲರಿಗೂ ಹೇಳಿ ಅಪ್ಪಾಜಿ. ಅವತ್ತು ಎಲ್ಲರ ಮುಂದೇನೇ ಅಂದಿದ್ದು." ಮತ್ತೆ ಯಂತ್ರ ಓಡಿಸಿದಳು.

ಪರಮೇಶ ಅಟ್ಟದಿಂದ ಕೊನೆಯ ಕುಕ್ಕೆ ಇಳಿಸಿ ಏಣಿ ಇಳಿದು ಬಂದ. ಮೈತುಂಬ ಅಟ್ಟದ ಧೂಳು. ಅಪ್ಪನ ಮೊಣಕಾಲ ನಡುವಿನ ರಾಶಿ ನೋಡಿದ, ಫೋನು ನೋಡಿದ.

"ಅಪ್ಪ, ಅದನ್ನ ಅಳಿಸಿಬುಡು. ಕಲ್ಲೇಶ ಫೋನ್ ಮಾಡಿದ್ದ. ಸೊಸೆ ಹೇಳ್ಕೊಟ್ಟು ಆಡಿಸ್ತಾವ್ಳೆ ಅಂತಾನೆ. ವಯಸ್ಸಾದೋರ ಕೈಗೆ ಫೋನ್ ಕೊಡಬೇಡ ಅಂತಾನೆ."

"ನೀನೇನಂದೆ?"

"ನಾನೇನ್ ಅನ್ಲಿ? ಹೂಂ ಅಂದೆ. ಆ ಮೇಲ್ ಅನ್ನೋದೇ ಈಗಿಲ್ಲ, ಅಳಿಸೋಗೈತೆ, ಯಾವನು ನಂಬ್ತಾನೆ ಹೇಳು. ನಿನ್ನ ಕಿವೀನ ನಂಬಿ ಊರೋರು ಇನ್ನೂ ಕರೀತಾವ್ರೆ, ಅದನ್ನೂ ಕಳ್ಕತೀಯ."

"ಕಳ್ಕಂಡಾಯ್ತು ಕಣ್ಲಾ," ಎಂದರು ಅವರು. ನಡುವಿನ ರಾಶಿಯಿಂದ ಒಂದು ಕಾಯಿ ಎತ್ತಿ ಮಗನ ಕೈಗೆ ಕೊಟ್ಟರು. "ಒಡಿ ಇದನ್ನ. ಇನ್ಮೇಲೆ ಎಲ್ಲಾನೂ ಒಡೆದೇ ನೋಡು."

ಪರಮೇಶ ಕಾಯಿಯನ್ನು ಹಿಡಿದುಕೊಂಡು ನಿಂತ. ಅಪ್ಪ ಕಾಯಿಯೊಂದನ್ನು ತನಗೆ ಗೊತ್ತಾಗುತ್ತಿಲ್ಲ ಎಂದದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಲಿಖಿತಾ ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಅವರು ಅವಳತ್ತ ಫೋನು ಚಾಚಿದರು. ಮಾತು ಉದ್ದ ಆಗುತ್ತೆ, ಬೆರಳು ಜಾರುತ್ತೆ, ಒತ್ತಿ ಹಿಡೀದೇನೇ ರೆಕಾರ್ಡ್ ಆಗೋ ಹಂಗೆ ಬೀಗ ಹಾಕಿಕೊಡಮ್ಮ ಎಂದರು. ಅವಳು ಗುಂಡಿ ಒತ್ತಿ ಮೇಲಕ್ಕೆ ಎಳೆದು ಗೋಣಿಚೀಲದ ಮೇಲೆ ಅವರ ಮುಂದಿಟ್ಟಳು. ಒಳಗೆ ಹೋಗಲಿಲ್ಲ. ಅಲ್ಲೇ ಏಣಿಗೆ ಒರಗಿ ನಿಂತಳು.

"ತೋಂಟದಾರ್ಯ ಮಾತಾಡ್ತಿರೋದು. ಇದನ್ನ ಯಾರು ಕೇಳ್ತೀರೋ ಗೊತ್ತಿಲ್ಲ. ನೂರು ಕಸ ಕಳಿಸಿದೀನಿ ನಾನು, ಇದೂ ಕಸ ಅಂತ ಬಿಟ್ಟಿರ್ತೀರ, ನಿಮ್ದು ತಪ್ಪಿಲ್ಲ. ಒಬ್ಬ ಕೇಳಿದ್ರೆ ಸಾಕು. ಆ ಹೆಣ್ಮಗು ಮೇಲ್ ಕಳಿಸಿತ್ತು. ಎಲ್ಲರಿಗೂ ಕಳಿಸಿತ್ತು. ನಂಗೆ ಬಂದಿತ್ತು, ಹಿಂದಿನ ದಿನವೇ ನೋಡಿದ್ದೆ, ಜೇಬಲ್ಲಿ ಇಟ್ಕಂಡೇ ಬಂದಿಲ್ಲ ಅಂದೆ. ಮೆಷೀನು ತಿಳೀದೆ ಕಸಕ್ಕೆ ಹಾಕ್ತು. ನಾನು ತಿಳಿದೂ ಹಾಕ್ದೆ. ಯಾಕೆ ಅಂತ ಕೇಳಬೇಡಿ, ಹೇಳಿದ್ರೆ ನಗ್ತೀರ, ನಾಲ್ಕು ಕಾಯಿ ವಿಷಯ. ಆಮೇಲೆ ಅದು ಅಳಿಸೋಗೋ ತನಕ ದಿನಾ ನೋಡ್ತಾ ಕೂತಿದ್ದೆ. ಮರೆವಲ್ಲ ಇದು. ಮರೆವಾಗಿದ್ರೆ ಒಳ್ಳೇದಿತ್ತು. ಇನ್ನೊಂದು, ಕಾರ್ತೀಕದ ಆಮೇಲೆ ನಾನು ಆರಿಸಿಕೊಟ್ಟ ಒಂಬತ್ತು ಮನೆಯೋರು, ಎಡಗಡೆ ಹಾಕಿದ್ದನ್ನ ಇನ್ನೂ ಇಟ್ಕಂಡಿದ್ರೆ ಒಡೆದು ನೋಡಿ. ಈಗ ನಂದು ಒಂದು ಕೆಲಸ ಮಾಡ್ಕೊಡಿ. ಇದನ್ನ ಫಾರ್ವರ್ಡ್ ಮಾಡಬೇಡಿ. ಎಲ್ಲರಿಗೂ ಒಂದೇ ಸಲ ಒತ್ತಿ ಕಳಿಸಿದ್ರೆ ಎಲ್ಲಿ ಹೋಗಿ ಬೀಳ್ತದೆ ಅಂತ ನೋಡಿದೀವಲ್ಲ. ನನ್ನ ಮಂಡಿ ಆಗಾಕಿಲ್ಲ, ಇಲ್ಲಾಂದ್ರೆ ನಾನೇ ಹೋಗ್ತಿದ್ದೆ. ನೀವು ಎದ್ದು ಪಕ್ಕದ ಮನೆಗೆ ಹೋಗಿ. ಚಪ್ಪಲಿ ಬಿಟ್ಟು ಅಂಗಳದಲ್ಲಿ ನಿಂತ್ಕಳಿ, ಕೆಂಚಪ್ಪ ನಿಲ್ತಿದ್ದಂಗೆ. ಯಜಮಾನನ ಹೆಸರು ಹಿಡಿದು ಕೂಗಿ, ಗಿರಿಜಾಂಬಿಕಾ ಸುಳ್ಳು ಹೇಳಿರ್ಲಿಲ್ಲ, ತೋಂಟದಾರ್ಯ ಹೇಳಿದ್ದ, ಅನ್ನಿ. ಅವರು ಅವರ ಪಕ್ಕದ ಮನೆಗೆ ಹೋಗ್ಲಿ. ಹಂಗೇ ತುರುವೇಕೆರೆ ಮುಟ್ಟೋ ತನಕ. ಒಳಗಿಂದ ಕೇಳಿಸ್ತು ಅನ್ನೋ ತನಕ ಯಾರೂ ಅಂಗಳ ಬಿಟ್ಟು ಬರಬೇಡಿ."